ಪಂಪ್‌ಸೆಟ್ ಸ್ಟಾರ್ಟರಿನ ಕಾಯಿಲ್ ಪದೇ ಪದೇ ಸುಡುವುದೇಕೆ? ಸೊಲೆನಾಯ್ಡ್ ಮತ್ತು ರಿಲೇ ಬಲ್ಲವರು ತಿಳಿಸಿ

ತೆಂಗಿನತೋಟ:
ನಮ್ಮ ಕೊಳವೆಬಾವಿಗೆ 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರ್ ಇದ್ದು, ಅದರ ಸ್ಟಾರ್ಟರಿನ ಕಾಯಿಲ್ ಈ ಬೇಸಿಗೆಯಲ್ಲಿ ಮತ್ತೆ ಸುಟ್ಟುಹೋಗಿದೆ. ಹಸಿರು ಗುಂಡಿ ಒತ್ತಿದರೆ ಒಳಗೆ ಕಟಕಟನೆ ಬಡಿದುಕೊಳ್ಳುತ್ತದೆ, ಬೆರಳು ತೆಗೆದ ಕೂಡಲೇ ಬಿಟ್ಟುಬಿಡುತ್ತದೆ. ಕೆಲವು ಸಲ ಹಿಡಿದುಕೊಂಡರೂ ಜೋರಾಗಿ ಗುಂಯ್‌ಗುಡುತ್ತಾ ಸ್ವಲ್ಪ ಹೊತ್ತಿಗೆಲ್ಲ ಸುಟ್ಟ ವಾಸನೆ ಬರುತ್ತದೆ. ಮೆಕ್ಯಾನಿಕ್ ಪ್ರತಿ ಬಾರಿಯೂ ಕಾಯಿಲ್ ಡೂಪ್ಲಿಕೇಟ್ ಎಂದೇ ಹೇಳುತ್ತಾರೆ. ಪಕ್ಕದ ಹೊಲದವರು ಕಾಯಿಲ್ ಗೋಜೇ ಬೇಡ, ಕಾಯಿಲ್ ಸೆಳೆಯುವ ಕಬ್ಬಿಣ ಒತ್ತಿಕೊಂಡೇ ಇರುವಂತೆ ಒಂದು ಮರದ ಚಕ್ಕೆ ಸಿಕ್ಕಿಸಿ ಎನ್ನುತ್ತಿದ್ದಾರೆ. ಮನೆಯ ಯುಪಿಎಸ್‌ನಲ್ಲಿರುವ ಸಣ್ಣ ರಿಲೇ ವರ್ಷಗಟ್ಟಲೆ ಟಿಕ್ ಟಿಕ್ ಎನ್ನುತ್ತಾ ಬಾಳುವಾಗ, ಇಷ್ಟು ದಪ್ಪ ಕಾಯಿಲ್ ಏಕೆ ಬಾಳುವುದಿಲ್ಲ?

ವೈಂಡಿಂಗ್ ಅಂಗಡಿ:
ಡೂಪ್ಲಿಕೇಟ್ ಮಾಲು ಮಾರುಕಟ್ಟೆಯಲ್ಲಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಅಂಗಡಿಗೆ ಬರುವ ಸುಟ್ಟ ಕಾಯಿಲ್‌ಗಳಲ್ಲಿ ಹೆಚ್ಚಿನವು ಕೋರ್, ಅಂದರೆ ಕಾಯಿಲ್ ಸೆಳೆಯುವ ಆ ಕಬ್ಬಿಣ, ಪೂರ್ತಿ ಕೂರದೆ ಸುಟ್ಟಂಥವೇ. ನೀವು ವೋಲ್ಟೇಜ್ ನೋಡಿದ್ದೀರಾ? ಅಕ್ಕಪಕ್ಕದ ಮೋಟಾರುಗಳೆಲ್ಲ ಓಡುತ್ತಿರುವಾಗ ಎರಡು ಫೇಸ್‌ಗಳ ನಡುವೆ ಎಷ್ಟು ತೋರಿಸುತ್ತದೆ ಎಂಬುದನ್ನು ಮೊದಲು ತಿಳಿಸಿ.

ತೆಂಗಿನತೋಟ:
ಬೆಳಿಗ್ಗೆ ಕರೆಂಟ್ ಬಂದ ಹೊಸದರಲ್ಲಿ 340ರ ಆಸುಪಾಸು ಇರುತ್ತದೆ. ಎಲ್ಲರೂ ಮೋಟಾರ್ ನಿಲ್ಲಿಸಿದ ಮೇಲೆ 395ರವರೆಗೆ ಏರುತ್ತದೆ.

ಭೌತಶಾಸ್ತ್ರದ ಮೇಷ್ಟ್ರು:
ಹಾಗಾದರೆ ಕಾರಣ ಬಹುತೇಕ ಅಲ್ಲಿಯೇ ಸಿಕ್ಕಿತು. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ತಂತಿಯಲ್ಲಿ ವಿದ್ಯುತ್ ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ಕದಲುತ್ತದೆ ಎಂಬುದನ್ನು 1820ರಲ್ಲಿ ಅರ್ಸ್ಟೆಡ್ ತೋರಿಸಿದರು. ಅದೇ ತಂತಿಯನ್ನು ಸುರುಳಿಯಾಗಿ ಸುತ್ತಿದರೆ ಪ್ರತಿ ಸುತ್ತಿನ ಕಾಂತಕ್ಷೇತ್ರವೂ ಒಂದಕ್ಕೊಂದು ಕೂಡಿಕೊಂಡು, ಸುರುಳಿಯ ಒಳಗೆ ಬಲವಾದ ಕ್ಷೇತ್ರ ಏರ್ಪಡುತ್ತದೆ. ಅದರ ಬಳಿ ಚಲಿಸಬಲ್ಲ ಕಬ್ಬಿಣದ ತುಂಡನ್ನು ಇಟ್ಟರೆ ಅದು ಸೆಳೆಯಲ್ಪಡುತ್ತದೆ. ಆ ಸೆಳೆತದಿಂದ ಒಂದು ಕಡ್ಡಿಯನ್ನು ಎಳೆಯಿಸಿದರೆ ಅಥವಾ ಒಂದು ತೂತನ್ನು ತೆರೆಯಿಸಿದರೆ ಅದನ್ನು ಸೊಲೆನಾಯ್ಡ್ ಎನ್ನುತ್ತೇವೆ. ಅದೇ ಸೆಳೆತದಿಂದ ಇನ್ನೊಂದು ಸರ್ಕಿಟ್ಟಿನ ಕಾಂಟ್ಯಾಕ್ಟ್ ಕೂಡಿಸಿದರೆ ಅಥವಾ ಬಿಡಿಸಿದರೆ ರಿಲೇ ಎನ್ನುತ್ತೇವೆ. ನಿಮ್ಮ ಸ್ಟಾರ್ಟರ್ ಒಳಗಿನ ಕಾಂಟ್ಯಾಕ್ಟರ್ ದೊಡ್ಡ ಮೈಕಟ್ಟಿನ ರಿಲೇಯೇ ಹೊರತು ಬೇರೇನಲ್ಲ.

ಈಗ ಮುಖ್ಯ ಸಂಗತಿಗೆ ಬರೋಣ. ನಿಮ್ಮದು ಎಸಿ ಕಾಯಿಲ್. ಎಸಿ ಕಾಯಿಲ್‌ನಲ್ಲಿ ಹರಿಯುವ ಕರೆಂಟನ್ನು ತಾಮ್ರದ ರೋಧಕ್ಕಿಂತ ಹೆಚ್ಚಾಗಿ ಸುರುಳಿಯ ಪ್ರೇರಕತೆ, ಅಂದರೆ ಕರೆಂಟಿನ ಏರಿಳಿತವನ್ನು ವಿರೋಧಿಸುವ ಅದರ ಗುಣ, ತಡೆಹಿಡಿಯುತ್ತದೆ. ಕೋರ್ ತೆರೆದಿರುವಾಗ ಮಧ್ಯೆ ಗಾಳಿಯ ಸಂದು ಇರುವುದರಿಂದ ಪ್ರೇರಕತೆ ಕಡಿಮೆ, ಆದ್ದರಿಂದ ಕರೆಂಟ್ ಹೆಚ್ಚು. ಕೋರ್ ಮುಚ್ಚಿಕೊಂಡ ಕೂಡಲೇ ಪ್ರೇರಕತೆ ಏರಿ ಕರೆಂಟ್ ಇಳಿದುಬಿಡುತ್ತದೆ. 9 ಆಂಪಿಯರ್‌ನ ಸಾಮಾನ್ಯ ಕಾಂಟ್ಯಾಕ್ಟರ್ ಒಂದು ಸೆಳೆಯುವ ಕ್ಷಣದಲ್ಲಿ ಸುಮಾರು 70 ವಿಎ (ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ ಲೆಕ್ಕ) ಬೇಡುತ್ತದೆ, ಹಿಡಿದುಕೊಂಡ ಮೇಲೆ ಅದಕ್ಕೆ 7ರಿಂದ 8 ವಿಎ ಸಾಕು. ಕಾಯಿಲನ್ನು ತಯಾರಿಸುವುದೂ ಆ ಹತ್ತನೇ ಒಂದು ಭಾಗದ ಕರೆಂಟನ್ನು ದಿನವಿಡೀ ತಡೆದುಕೊಳ್ಳುವಷ್ಟಕ್ಕೆ ಮಾತ್ರ. ಕೋರ್ ಪೂರ್ತಿ ಮುಚ್ಚದೆ ಅರ್ಧಕ್ಕೇ ನಿಂತು ಬಡಿದುಕೊಳ್ಳುತ್ತಿದ್ದರೆ ಆ ಹೆಚ್ಚಿನ ಕರೆಂಟ್ ಇಳಿಯುವುದೇ ಇಲ್ಲ. ಕಾಯಿಲ್ ಎಷ್ಟೇ ಅಸಲಿಯಾಗಿದ್ದರೂ ನಿಮಿಷಗಳಲ್ಲಿ ಬೇಯುತ್ತದೆ.

ವೋಲ್ಟೇಜ್ ಕಡಿಮೆಯಾದರೆ ಕೋರ್ ಏಕೆ ಮುಚ್ಚುವುದಿಲ್ಲ ಎಂದರೆ, ಸೆಳೆತದ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 415ರ ಜಾಗದಲ್ಲಿ 340 ಇದ್ದರೆ ವೋಲ್ಟೇಜು 82 ಶೇಕಡ, ಆದರೆ ಬಲ ಸುಮಾರು 67 ಶೇಕಡ ಮಾತ್ರ. ಕಾಂಟ್ಯಾಕ್ಟರುಗಳ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಅವು 85ರಿಂದ 110 ಶೇಕಡ ವೋಲ್ಟೇಜಿನ ನಡುವೆ ಖಚಿತವಾಗಿ ಹಿಡಿಯಬೇಕು. 415ರ 85 ಶೇಕಡ ಎಂದರೆ 353. ನೀವು ಅದಕ್ಕಿಂತ ಕೆಳಗಿದ್ದೀರಿ.

ಗದ್ದೆಬದಿ:
ಮೇಷ್ಟ್ರೇ, ಹಾಗಾದರೆ ಯುಪಿಎಸ್ ರಿಲೇ ಏಕೆ ಸುಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲವಲ್ಲ?

ಭೌತಶಾಸ್ತ್ರದ ಮೇಷ್ಟ್ರು:
ಅದರ ಕಾಂಟ್ಯಾಕ್ಟ್‌ಗಳಲ್ಲಿ ಎಸಿ ಹರಿದರೂ ಅದರ ಕಾಯಿಲ್ ಬ್ಯಾಟರಿಯ 12 ವೋಲ್ಟ್ ಡಿಸಿಯಲ್ಲಿ ನಡೆಯುತ್ತದೆ. ಡಿಸಿಯಲ್ಲಿ ಕರೆಂಟನ್ನು ನಿರ್ಧರಿಸುವುದು ತಂತಿಯ ರೋಧ ಒಂದೇ. 400 ಓಮ್‌ನ ಕಾಯಿಲ್ ಆದರೆ 30 ಮಿಲಿ ಆಂಪಿಯರ್. ಕಬ್ಬಿಣದ ಪಟ್ಟಿ ಅಂಟಿಕೊಂಡರೂ ಅಷ್ಟೇ, ಮಧ್ಯದಲ್ಲಿ ಸಿಕ್ಕಿಕೊಂಡರೂ ಅಷ್ಟೇ.

ಗ್ಯಾರೇಜ್:
ಮೇಷ್ಟ್ರ ಮಾತನ್ನು ಸ್ವಲ್ಪ ತಿದ್ದಬೇಕಾಗಿದೆ, ಏಕೆಂದರೆ ಎಲ್ಲ ಡಿಸಿ ಕಾಯಿಲ್‌ಗಳೂ ಸುಡದೆ ಉಳಿಯುವುದಿಲ್ಲ. ಕಾರಿನ ಸ್ಟಾರ್ಟರ್ ಮೋಟಾರಿನ ಮೇಲೆ ಕೂತಿರುವ ಸೊಲೆನಾಯ್ಡನ್ನೇ ನೋಡಿ. ಅದರೊಳಗೆ ಎರಡು ಸುರುಳಿಗಳಿರುತ್ತವೆ, ಒಂದು ಎಳೆಯುವುದಕ್ಕೆ, ಇನ್ನೊಂದು ಹಿಡಿದುಕೊಳ್ಳುವುದಕ್ಕೆ. ಕೀಲಿ ತಿರುಗಿಸಿದಾಗ ಎರಡೂ ಸೇರಿ ದಂಡವನ್ನು ಎಳೆಯುತ್ತವೆ. ಆ ದಂಡವು ಸಣ್ಣ ಗೇರನ್ನು ಫ್ಲೈವೀಲ್‌ಗೆ ಕೂಡಿಸಿ, ತುದಿಯಲ್ಲಿರುವ ತಾಮ್ರದ ಬಿಲ್ಲೆಯಿಂದ ಬ್ಯಾಟರಿಯ ದಪ್ಪ ಕೇಬಲ್ಲನ್ನು ಮೋಟಾರಿಗೆ ಜೋಡಿಸುತ್ತದೆ. ಜೋಡಣೆಯಾದ ಕ್ಷಣವೇ ಎಳೆಯುವ ಸುರುಳಿಯ ಎರಡೂ ತುದಿಗಳಿಗೆ ಬ್ಯಾಟರಿಯ ಪಾಸಿಟಿವ್ ಸಿಕ್ಕಿ ಅದರಲ್ಲಿ ಕರೆಂಟ್ ನಿಂತುಹೋಗುತ್ತದೆ. ಬಿಲ್ಲೆ ಸವೆದು ಜೋಡಣೆ ಆಗದಿದ್ದರೆ ಎಳೆಯುವ ಸುರುಳಿ ನಿಲ್ಲದೆ ಬಿಸಿಯಾಗುತ್ತದೆ, ಚಾಲಕರು ಕೀಲಿ ಹಿಡಿದೇ ಇದ್ದರೆ ಸುಟ್ಟೂ ಹೋಗುತ್ತದೆ.

ಬ್ಯಾಟರಿ ಇಳಿದಾಗ ಕೇಳುವ ಕಟಕಟ ಸದ್ದಿನ ಕಾರಣವೂ ಇದೇ ಜಾಗದಲ್ಲಿದೆ. ಸೊಲೆನಾಯ್ಡ್ ಹಿಡಿಯುತ್ತದೆ, ಮೋಟಾರ್ ನೂರಾರು ಆಂಪಿಯರ್ ಬೇಡುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಹಿಡಿಯುವ ಸುರುಳಿ ಕೈಬಿಡುತ್ತದೆ. ಹೊರೆ ತಪ್ಪಿದ ಕೂಡಲೇ ವೋಲ್ಟೇಜ್ ಏರಿ ಮತ್ತೆ ಹಿಡಿಯುತ್ತದೆ. ತೆಂಗಿನತೋಟದವರ ಸ್ಟಾರ್ಟರ್ ಬಡಿದುಕೊಳ್ಳುವುದರಲ್ಲಿಯೂ ಈ ಅಂಶ ಸ್ವಲ್ಪ ಇದ್ದೀತು.

ಪಕ್ಕದ ಹೊಲ:
ಇಷ್ಟೆಲ್ಲ ವಿಜ್ಞಾನ ಓದಿ ಮುಗಿಸುವಷ್ಟರಲ್ಲಿ ಮೂರು ಫೇಸ್ ಕರೆಂಟ್ ಹೋಗಿಬಿಡುತ್ತದೆ ಸ್ವಾಮಿ. ಪಂಪ್‌ಸೆಟ್ಟಿಗೆ ಸಿಗುವುದೇ ದಿನಕ್ಕೆ 7 ಗಂಟೆ. ಕಾಯಿಲ್ ಹಿಡಿಯದಿದ್ದರೆ ಚಕ್ಕೆ ಸಿಕ್ಕಿಸುತ್ತೇವೆ, ನೀರು ಬರುತ್ತದೆ. ನಮ್ಮ ಕಡೆ ಹೀಗೆಯೇ ವರ್ಷಗಳಿಂದ ನಡೆದುಬಂದಿದೆ. ಓವರ್‌ಲೋಡ್ ರಿಲೇ ಬೇರೆಯಾಗಿಯೇ ಇದೆಯಲ್ಲ, ಮೋಟಾರಿಗೆ ಏನಾದರೂ ಆದರೆ ಅದು ನೋಡಿಕೊಳ್ಳುತ್ತದೆ.

ನಿವೃತ್ತ ಲೈನ್‌ಮನ್:
ನೋಡಿಕೊಳ್ಳುವುದಿಲ್ಲ. ಇದನ್ನು ದಯವಿಟ್ಟು ಎಲ್ಲರೂ ಗಮನವಿಟ್ಟು ಓದಬೇಕು.

ಓವರ್‌ಲೋಡ್ ರಿಲೇಯ ಮೂಲಕ ಮೋಟಾರಿನ ಕರೆಂಟ್ ಹರಿಯುವುದು ನಿಜ, ಆದರೆ ಅದು ಮೋಟಾರಿನ ಲೈನನ್ನು ತಾನೇ ಕತ್ತರಿಸುವುದಿಲ್ಲ. ಅದರೊಳಗಿನ ಬೈಮೆಟಲ್ ಪಟ್ಟಿ ಬಿಸಿಯಾಗಿ ಬಾಗಿದಾಗ, ಕಾಯಿಲ್‌ಗೆ ಹೋಗುವ ತೆಳು ತಂತಿಯ ದಾರಿಯಲ್ಲಿರುವ ಒಂದು ಸಣ್ಣ ಕಾಂಟ್ಯಾಕ್ಟ್ ಮಾತ್ರ ತೆರೆದುಕೊಳ್ಳುತ್ತದೆ. ಕಾಯಿಲ್ ಸೆಳೆತ ಕಳೆದುಕೊಂಡು, ಸ್ಪ್ರಿಂಗ್ ಕೋರನ್ನು ಹಿಂದಕ್ಕೆ ತಳ್ಳಿದರೆ ಮಾತ್ರ ಮೋಟಾರ್ ನಿಲ್ಲುತ್ತದೆ. ಕೆಂಪು ಗುಂಡಿ ಕತ್ತರಿಸುವುದೂ ಅದೇ ತೆಳು ತಂತಿಯನ್ನು, ಒಂದು ಫೇಸ್ ಹೋದಾಗ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಕತ್ತರಿಸುವುದೂ ಅದನ್ನೇ. ನೀವು ಕೋರಿಗೆ ಚಕ್ಕೆ ಸಿಕ್ಕಿಸಿದ ಮೇಲೆ ಇವೆಲ್ಲವೂ ಪೆಟ್ಟಿಗೆಯೊಳಗಿನ ಅಲಂಕಾರ ಮಾತ್ರ. ಓವರ್‌ಲೋಡ್ ತನ್ನ ಪಾಡಿಗೆ ಟ್ರಿಪ್ ಆಗಿರುತ್ತದೆ, ಮೋಟಾರ್ ತನ್ನ ಪಾಡಿಗೆ ಸುಡುತ್ತಿರುತ್ತದೆ.

ಇನ್ನೊಂದು ಅಪಾಯವನ್ನು ಹೇಳದೆ ಬಿಡಲಾರೆ. ಕರೆಂಟ್ ಹೋದಾಗ ಕಾಯಿಲ್ ತಾನಾಗಿ ಕೈಬಿಡುವ ಗುಣ ಸ್ಟಾರ್ಟರಿನ ಕೊರತೆಯಲ್ಲ, ಉದ್ದೇಶಪೂರ್ವಕವಾಗಿ ಇಟ್ಟ ರಕ್ಷಣೆ. ಚಕ್ಕೆ ಇದ್ದಲ್ಲಿ ಕರೆಂಟ್ ಬಂದ ಕ್ಷಣವೇ ಮೋಟಾರ್ ತಿರುಗುತ್ತದೆ. ಆಗ ಯಾರ ಕೈ ಎಲ್ಲಿರುತ್ತದೋ ಹೇಳಲಾಗದು.

ಪಕ್ಕದ ಹೊಲ:
ಓವರ್‌ಲೋಡ್ ಕಾಯಿಲ್‌ನ ದಾರಿಯನ್ನಷ್ಟೇ ಕತ್ತರಿಸುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ. ಆದರೆ ಆಟೋ ಸ್ವಿಚ್ ಹಾಕಿದವರ ಮೋಟಾರೂ ಕರೆಂಟ್ ಬಂದ ಕೂಡಲೇ ತಿರುಗುತ್ತದೆಯಲ್ಲ, ಅದಕ್ಕೂ ಚಕ್ಕೆಗೂ ಏನು ವ್ಯತ್ಯಾಸ?

ನಿವೃತ್ತ ಲೈನ್‌ಮನ್:
ಆಟೋ ಸ್ವಿಚ್ ಇದ್ದರೂ ಓವರ್‌ಲೋಡ್ ಮತ್ತು ಪ್ರಿವೆಂಟರ್ ಬದುಕಿರುತ್ತವೆ, ವ್ಯತ್ಯಾಸ ಅಷ್ಟೇ. ನನಗಂತೂ ಆಟೋ ಸ್ವಿಚ್ ಕಂಡರೆ ಸಮಾಧಾನವಿಲ್ಲ. 63 ಕೆವಿಎ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಪೂರ್ಣ ಹೊರೆಯಲ್ಲಿ ಒಂದೊಂದು ಫೇಸಿಗೆ ಕೊಡಬಲ್ಲದ್ದು ಸುಮಾರು 85 ಆಂಪಿಯರ್. 5 ಎಚ್‌ಪಿ ಮೋಟಾರ್ ಓಡುವಾಗ 7ರಿಂದ 8 ಆಂಪಿಯರ್ ತೆಗೆದುಕೊಂಡರೂ, ನೇರವಾಗಿ ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಎರಡು ಮೋಟಾರ್ ಒಟ್ಟಿಗೆ ಎದ್ದರೆ ಟಿಸಿಯ ಮಿತಿ ಮುಟ್ಟಿತು. ಹತ್ತು ಎದ್ದರೆ ವೋಲ್ಟೇಜ್ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ನೀವೇ ಊಹಿಸಿ. ತೆಂಗಿನತೋಟದವರ 340 ವೋಲ್ಟಿನ ಮೂಲ ಅವರ ಪೆಟ್ಟಿಗೆಯಲ್ಲಿ ಇಲ್ಲ, ಊರಿನ ಆಟೋ ಸ್ವಿಚ್‌ಗಳಲ್ಲಿದೆ.

ವೈಂಡಿಂಗ್ ಅಂಗಡಿ:
ಲೈನ್‌ಮನ್ ಸರ್, ನಿಮ್ಮ ಮಾತು ಅರ್ಧ ಮಾತ್ರ ಸರಿ. ಸ್ಟಾರ್ಟಿಂಗ್ ಕುಸಿತ ಕೆಲವು ಸೆಕೆಂಡುಗಳದ್ದು, ಅವರು ಹೇಳುತ್ತಿರುವುದು ಎಲ್ಲರೂ ಮೋಟಾರ್ ನಿಲ್ಲಿಸುವವರೆಗೆ ಉಳಿಯುವ 340. ಅದು ಟಿಸಿಗೆ ಮೀರಿದ ಹೊರೆಯಿಂದ, ಉದ್ದದ ತೆಳು ಲೈನಿನಿಂದ, ಕಂಬದ ಮೇಲಿನ ಸಡಿಲ ಜಂಪರಿನಿಂದ (ಲೈನ್ ಕೂಡಿಸುವ ತುಂಡು ತಂತಿ) ಬರುತ್ತದೆ. ಎಲ್ಲವನ್ನೂ ರೈತರ ತಲೆಗೆ ಕಟ್ಟುವುದು ಸರಿಯಲ್ಲ. ಆಟೋ ಸ್ವಿಚ್ ಬೇಕೇ ಬೇಕು ಎನ್ನುವವರು ಟೈಮರ್ ಇರುವುದನ್ನು ಹಾಕಿಸಿ, ಒಬ್ಬೊಬ್ಬರು ಬೇರೆ ಬೇರೆ ಹೊತ್ತು ತಡಮಾಡಿ ಎಬ್ಬಿಸುವಂತೆ ಮಾತಾಡಿಕೊಂಡರೆ ಸ್ಟಾರ್ಟಿಂಗ್ ತೊಂದರೆ ತಪ್ಪುತ್ತದೆ. ನಮ್ಮ ಕಡೆಯ ಒಂದೇ ಟಿಸಿಯ ರೈತರು ಹಾಗೆ ಮಾಡಿಕೊಂಡಿದ್ದಾರೆ.

ಗದ್ದೆಬದಿ:
415ರ ಕಾಯಿಲ್ ತೆಗೆದು 240 ವೋಲ್ಟಿನ ಕಾಯಿಲ್ ಹಾಕಿ, ಒಂದು ಫೇಸ್ ಮತ್ತು ನ್ಯೂಟ್ರಲ್ ಕೊಟ್ಟರೆ ಸುಲಭವಾಗಿ ಹಿಡಿಯುವುದಿಲ್ಲವೇ?

ಭೌತಶಾಸ್ತ್ರದ ಮೇಷ್ಟ್ರು:
ಹಿಡಿಯುವುದಿಲ್ಲ. ಎರಡು ಫೇಸ್‌ಗಳ ನಡುವೆ 340 ಇದ್ದಾಗ ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 196 ಇರುತ್ತದೆ. 240ರ ಲೆಕ್ಕದಲ್ಲಿ ಅದೂ 82 ಶೇಕಡವೇ ಆಯಿತು. ಕಾಯಿಲ್ ಬದಲಾದರೂ ಕೊರತೆ ಬದಲಾಗುವುದಿಲ್ಲ.

ನಿವೃತ್ತ ಲೈನ್‌ಮನ್:
ಅದಕ್ಕಿಂತ ದೊಡ್ಡ ಮಾತೆಂದರೆ, ಹೊಲದ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಇಲ್ಲದಿದ್ದರೆ ಕೆಲವರು ಅರ್ಥಿಂಗ್ ಕಂಬಿಗೆ ತಂತಿ ಕಟ್ಟಿ ಕೆಲಸ ನಡೆಸುತ್ತಾರೆ. ಅರ್ಥಿಂಗ್ ತಂತಿ ಕಡಿದುಬಿದ್ದ ದಿನ ಇಡೀ ಕಬ್ಬಿಣದ ಪೆಟ್ಟಿಗೆಗೆ ಕಾಯಿಲ್ ಮೂಲಕ ಫೇಸ್ ಬಂದು ಕೂರುತ್ತದೆ. ಅಂಥ ಪೆಟ್ಟಿಗೆಯನ್ನು ಒದ್ದೆ ಕೈಯಲ್ಲಿ ಮುಟ್ಟಿದವರು ಬದುಕುವುದು ಕಷ್ಟ.

ಪಕ್ಕದ ಹೊಲ:
ನಮ್ಮೂರಿನಲ್ಲಿ ಕಾಯಿಲ್‌ಗೆ ಸುತ್ತು ಕಡಿಮೆ ಮಾಡಿಸಿಕೊಂಡವರಿದ್ದಾರೆ, ಅವರದು 340ಕ್ಕೂ ಖಟ್ ಎಂದು ಹಿಡಿಯುತ್ತದೆ. ಇದಕ್ಕೇನು ಹೇಳುತ್ತೀರಿ?

ವೈಂಡಿಂಗ್ ಅಂಗಡಿ:
ಹಿಡಿಯುತ್ತದೆ, ಸುಳ್ಳಲ್ಲ. ಸುತ್ತು ಕಡಿಮೆ ಮಾಡಿದರೆ ಅದು 380 ವೋಲ್ಟಿನ ಕಾಯಿಲ್ ಇದ್ದಂತೆ ನಡೆಯುತ್ತದೆ. ಆದರೆ 380ರ 110 ಶೇಕಡ ಎಂದರೆ 418. ಹೊರೆ ಕಡಿಮೆಯಾದ ರಾತ್ರಿ ಪಾಳಿಯಲ್ಲಿ ಲೈನ್ 440 ತಲುಪಿದರೆ ಅದೇ ಕಾಯಿಲ್ ಹೆಚ್ಚು ವೋಲ್ಟೇಜಿನಿಂದ ಬೇಯುತ್ತದೆ. ಇಂಥ ಕಾಯಿಲ್ ಸುತ್ತಿಕೊಡಿ ಎಂದು ಬಂದವರನ್ನು ನಾನು ವಾಪಸ್ ಕಳುಹಿಸುತ್ತೇನೆ. ದುಡ್ಡು ಖರ್ಚು ಮಾಡುವುದೇ ಆದರೆ ವಿಸ್ತಾರ ವೋಲ್ಟೇಜಿನ ಎಲೆಕ್ಟ್ರಾನಿಕ್ ಕಾಯಿಲ್ ಇರುವ ಕಾಂಟ್ಯಾಕ್ಟರ್ ತೆಗೆದುಕೊಳ್ಳಿ. ಅದು ಎಸಿಯನ್ನು ಒಳಗೇ ಡಿಸಿ ಮಾಡಿಕೊಂಡು, ಎಳೆಯುವಾಗ ಹೆಚ್ಚು ಮತ್ತು ಹಿಡಿದ ಮೇಲೆ ಕಡಿಮೆ ಕರೆಂಟನ್ನು ತಾನೇ ಕೊಡುತ್ತದೆ. ಬೆಲೆ ಹೆಚ್ಚು ಎಂಬುದೊಂದೇ ಅದರ ದೋಷ. ಆದರೆ ಕಾಂಟ್ಯಾಕ್ಟರ್ ಹಿಡಿಯಿತೆಂದು 340ರಲ್ಲಿ ಮೋಟಾರ್ ಸುಖವಾಗಿರುವುದಿಲ್ಲ. ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ.

ಅಡುಗೆಮನೆಯಿಂದ:
ಪಂಪ್‌ಸೆಟ್ ಚರ್ಚೆಯ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ವಾಷಿಂಗ್ ಮೆಷಿನ್ನಿಗೆ ನೀರು ತುಂಬುವುದೇ ಇಲ್ಲ. ದುರಸ್ತಿಗೆ ಬಂದವರು ಸೊಲೆನಾಯ್ಡ್ ವಾಲ್ವ್ ಹೋಗಿದೆ ಎಂದು ಹೊಸದು ಹಾಕಿದರು, ಆದರೂ ಅದೇ ಕಥೆ. ನಲ್ಲಿ ಬಿಟ್ಟರೆ ನೀರು ಚೆನ್ನಾಗಿಯೇ ಬರುತ್ತದೆ. ಟ್ಯಾಂಕು ಮೆಷಿನ್ ಇರುವ ಕೋಣೆಯ ತಾರಸಿಯ ಮೇಲೆಯೇ ಇದೆ.

ಗ್ಯಾರೇಜ್:
ತಾರಸಿಯ ಮೇಲೆಯೇ ಇರುವುದೇ ತೊಂದರೆ ಇದ್ದೀತು ತಾಯಿ. ಆ ವಾಲ್ವಿನ ಸೊಲೆನಾಯ್ಡ್ ನೀರಿನ ಮುಖ್ಯ ದಾರಿಯನ್ನು ನೇರವಾಗಿ ಎತ್ತುವುದಿಲ್ಲ, ಅಷ್ಟು ಬಲ ಅದಕ್ಕಿಲ್ಲ. ಒಳಗಿನ ರಬ್ಬರ್ ಪೊರೆಯ ನಡುವೆ ಒಂದು ಸೂಜಿರಂಧ್ರವಿದ್ದು, ಸೊಲೆನಾಯ್ಡ್ ಅದನ್ನು ಮಾತ್ರ ತೆರೆಯುತ್ತದೆ. ಪೊರೆಯ ಮೇಲಿನ ಒತ್ತಡ ಆ ರಂಧ್ರದ ಮೂಲಕ ಕಳೆದುಹೋದಾಗ, ಕೆಳಗಿನ ನೀರಿನ ಒತ್ತಡವೇ ಪೊರೆಯನ್ನು ಎತ್ತಿ ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ನೀರಿಗೆ ತಕ್ಕಷ್ಟು ಒತ್ತಡ ಇರಲೇಬೇಕು. ಟ್ಯಾಂಕಿನ ಪ್ರತಿ 1 ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 0.1 ಬಾರ್ ಮಾತ್ರ. ಮೆಷಿನ್ನಿನ ಪುಸ್ತಕದಲ್ಲಿ ಕನಿಷ್ಠ ಒತ್ತಡ ಎಷ್ಟೆಂದು ಬರೆದಿರುತ್ತಾರೆ, ನಿಮ್ಮ ಟ್ಯಾಂಕಿನ ಎತ್ತರದೊಂದಿಗೆ ಹೋಲಿಸಿ ನೋಡಿ. ಅದಕ್ಕೂ ಮುಂಚೆ ಪೈಪ್ ಕೂಡುವಲ್ಲಿರುವ ಜಾಲರಿಯಲ್ಲಿ ಕಸ ಕಟ್ಟಿದೆಯೇ ಎಂದು ನೋಡಿಕೊಳ್ಳಿ, ಅದಕ್ಕೆ ಖರ್ಚಿಲ್ಲ.

ಮೂರನೇ ಸೆಮಿಸ್ಟರ್:
ನಾನು ನಮ್ಮ ತೋಟಕ್ಕಾಗಿ ಮೊಬೈಲಿನಿಂದ ಸ್ಟಾರ್ಟ್ ಮಾಡುವ ಪೆಟ್ಟಿಗೆಯೊಂದನ್ನು ಮಾಡುತ್ತಿದ್ದೇನೆ. 5 ವೋಲ್ಟಿನ ನೀಲಿ ರಿಲೇಯನ್ನು ಮೈಕ್ರೋಕಂಟ್ರೋಲರಿನ ಪಿನ್ನಿಗೆ ನೇರ ಕೊಟ್ಟೆ, ರಿಲೇ ಹಿಡಿಯುತ್ತಿಲ್ಲ. ಪಿನ್ನಿನಲ್ಲಿ 5 ವೋಲ್ಟ್ ಇರುವುದನ್ನು ಅಳೆದು ನೋಡಿದ್ದೇನೆ.

ಎಕ್ಸ್‌ಚೇಂಜಿನ ಹಳಬ:
ರಿಲೇ ಜೋಡಿಸದೆ ಅಳೆದಿರುತ್ತೀರಿ. ಆ ನೀಲಿ ರಿಲೇಯ ಕಾಯಿಲ್ ಸುಮಾರು 70 ಓಮ್, ಅದಕ್ಕೆ ಹತ್ತಿರ ಹತ್ತಿರ 70 ಮಿಲಿ ಆಂಪಿಯರ್ ಬೇಕು. ಪಿನ್ ಸುರಕ್ಷಿತವಾಗಿ ಕೊಡುವುದು 20ರ ಆಸುಪಾಸು. ನಡುವೆ ಬಿಸಿ547ರಂಥ ಟ್ರಾನ್ಸಿಸ್ಟರ್ ಹಾಕಿ. ಕಾಯಿಲ್‌ಗೆ ಅಡ್ಡಲಾಗಿ, ಪಾಸಿಟಿವ್ ಕಡೆಗೆ ಪಟ್ಟಿ ಬರುವಂತೆ ಒಂದು 1ಎನ್4007 ಡಯೋಡನ್ನು ಮರೆಯದೆ ಹಾಕಿ. ಕಾಯಿಲ್‌ನ ಕರೆಂಟನ್ನು ಥಟ್ಟನೆ ಕಡಿದಾಗ ಅದರಲ್ಲಿ ಕೂಡಿಟ್ಟ ಶಕ್ತಿ ಹೊರಬರಲು ದಾರಿ ಹುಡುಕುತ್ತಾ ನೂರಾರು ವೋಲ್ಟ್ ಎಬ್ಬಿಸಬಲ್ಲದು, ನಿಮ್ಮ ಟ್ರಾನ್ಸಿಸ್ಟರ್ ಅಲ್ಲಿಗೆ ಮುಗಿಯಿತು. ಡಯೋಡ್ ಹಾಕಿದರೆ ರಿಲೇ ಬಿಡುವುದು ಕೆಲವು ಮಿಲಿ ಸೆಕೆಂಡು ತಡವಾಗುತ್ತದೆ, ಪಂಪಿನ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ.

ನೀವು ಮಾಡುತ್ತಿರುವುದು 1835ರ ಸುಮಾರಿಗೆ ಅಮೆರಿಕದ ಜೋಸೆಫ್ ಹೆನ್ರಿ ಮಾಡಿದ ಕೆಲಸವೇ. ದೂರದಿಂದ ಬಂದ ಕ್ಷೀಣ ಕರೆಂಟಿನಿಂದ ಒಂದು ಕಾಂತವನ್ನು ಎಬ್ಬಿಸಿ, ಅದರಿಂದ ಸ್ಥಳೀಯ ಬ್ಯಾಟರಿಯ ಬಲವಾದ ಸರ್ಕಿಟ್ಟನ್ನು ಆಡಿಸುವ ಉಪಾಯ ಅವರದು. ಟೆಲಿಗ್ರಾಫ್ ನೂರಾರು ಮೈಲಿ ದಾಟಿದ್ದು ಇದರಿಂದಲೇ. ಬೆಂಗಳೂರಿನ ಐಟಿಐ ಕಾರ್ಖಾನೆಯಿಂದ ಬರುತ್ತಿದ್ದ ಸ್ಟ್ರೋಜರ್ ಮತ್ತು ಕ್ರಾಸ್‌ಬಾರ್ ಎಂಬ ಹಳೆಯ ಬಗೆಯ ಟೆಲಿಫೋನ್ ಎಕ್ಸ್‌ಚೇಂಜುಗಳ ಸಾಲು ಸಾಲು ರಿಲೇಗಳ ನಡುವೆ ಸೇವೆ ಸಲ್ಲಿಸಿದವನು ನಾನು. ನಮ್ಮ ಅಧಿಕ ಕಾಲ ಹೋಗುತ್ತಿದ್ದುದು ಕಾಯಿಲ್‌ಗಳಿಗಲ್ಲ, ಕಾಂಟ್ಯಾಕ್ಟ್‌ಗಳ ಧೂಳಿಗೆ.

ನಿವೃತ್ತ ಲೈನ್‌ಮನ್:
ಹೊಲದಲ್ಲಿ ಧೂಳಿನ ಜೊತೆಗೆ ಇರುವೆಯೂ ಇರುತ್ತದೆ. ಪೆಟ್ಟಿಗೆ ಬೆಚ್ಚಗಿರುವುದರಿಂದ ಗೂಡು ಕಟ್ಟುತ್ತವೆ, ಅವುಗಳನ್ನು ತಿನ್ನಲು ಹಲ್ಲಿ ಬರುತ್ತದೆ, ಕೋರಿನ ಸಂದಿನಲ್ಲಿ ಸಿಕ್ಕಿ ಸಾಯುತ್ತದೆ. ಸತ್ತ ಹಲ್ಲಿಯೊಂದು ಸಾಕು, ಮೇಷ್ಟ್ರು ಹೇಳಿದ ಆ ಗಾಳಿಯ ಸಂದು ಉಳಿದುಬಿಡುವುದಕ್ಕೆ.

ತೆಂಗಿನತೋಟ:
ಮೆಕ್ಯಾನಿಕ್ಕನ್ನು ಕರೆಸಿ, ಮೇನ್ ತೆಗೆಸಿ ಕಾಂಟ್ಯಾಕ್ಟರ್ ಬಿಚ್ಚಿಸಿ ನೋಡಿದೆ. ಕೋರಿನ ಮುಖಗಳ ಮೇಲೆ ತುಕ್ಕು ಮತ್ತು ಅಂಟಾದ ಕೊಳೆ ಕಟ್ಟಿದೆ. ಒಂದು ಮುಖದಲ್ಲಿ ಹುದುಗಿಸಿದ್ದ ತಾಮ್ರದ ಉಂಗುರ ಬಿರುಕುಬಿಟ್ಟಿದೆ. ಮುಖಗಳನ್ನು ಅರದಿಂದ ಉಜ್ಜಿ ನಯ ಮಾಡಬಹುದೇ? ಆ ಉಂಗುರದ ಕೆಲಸವೇನು?

ವೈಂಡಿಂಗ್ ಅಂಗಡಿ:
ಅರ ಮುಟ್ಟಿಸಬೇಡಿ. ಇ ಆಕಾರದ ಆ ಕೋರಿನಲ್ಲಿ ನಡುಗಾಲಿಗೆ ಬೇಕೆಂದೇ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಹೊರಗಿನ ಕಾಲುಗಳನ್ನು ಉಜ್ಜಿದರೆ ಆ ಸಂದು ಮುಚ್ಚಿಹೋಗಿ, ಕರೆಂಟ್ ತೆಗೆದ ಮೇಲೂ ಉಳಿಕೆ ಕಾಂತತ್ವದಿಂದ ಕೋರ್ ಅಂಟಿಕೊಂಡೇ ಇರುತ್ತದೆ. ಆಗ ಚಕ್ಕೆ ಸಿಕ್ಕಿಸದೆಯೇ ಚಕ್ಕೆ ಸಿಕ್ಕಿಸಿದಂತಾಗುತ್ತದೆ. ಒಣ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ, ಗ್ರೀಸ್ ಹಚ್ಚಬೇಡಿ. ಉಂಗುರ ಬಿರುಕುಬಿಟ್ಟಿದ್ದರೆ ಮಾತ್ರ ಒರೆಸಿ ಪ್ರಯೋಜನವಿಲ್ಲ, ಕಾಂಟ್ಯಾಕ್ಟರನ್ನೇ ಬದಲಿಸಿ.

ಭೌತಶಾಸ್ತ್ರದ ಮೇಷ್ಟ್ರು:
ಉಂಗುರದ ಕೆಲಸ ಹೀಗಿದೆ. 50 ಹರ್ಟ್ಸ್‌ನ ಎಸಿಯಲ್ಲಿ ಕಾಂತಕ್ಷೇತ್ರ ಸೆಕೆಂಡಿಗೆ 100 ಬಾರಿ ಸೊನ್ನೆಗಿಳಿಯುತ್ತದೆ. ಪ್ರತಿ ಬಾರಿಯೂ ಸ್ಪ್ರಿಂಗ್ ಕೋರನ್ನು ಬಿಡಿಸಲು ನೋಡುತ್ತದೆ, ಮರುಕ್ಷಣ ಕಾಂತ ಮತ್ತೆ ಎಳೆಯುತ್ತದೆ. ನೀವು ಕೇಳುತ್ತಿದ್ದ ಗುಂಯ್ ಎಂಬ ಸದ್ದು ಅದೇ. ಮುಖದ ಒಂದು ಭಾಗವನ್ನು ಬಳಸಿರುವ ತಾಮ್ರದ ಉಂಗುರದಲ್ಲಿ ಪ್ರೇರಿತವಾಗುವ ಕರೆಂಟ್ ಆ ಭಾಗದ ಕ್ಷೇತ್ರವನ್ನು ಸ್ವಲ್ಪ ತಡಮಾಡುತ್ತದೆ. ಒಂದು ಭಾಗ ಸೊನ್ನೆಗಿಳಿದಾಗ ಇನ್ನೊಂದು ಭಾಗದಲ್ಲಿ ಸೆಳೆತ ಉಳಿದಿರುತ್ತದೆ. ಉಂಗುರ ಒಡೆದರೆ ಈ ಏರ್ಪಾಡೇ ಇಲ್ಲವಾಗುತ್ತದೆ.

ಗದ್ದೆಬದಿ:
ಹೊಸ ಸ್ಟಾರ್ಟರ್ ಹಾಕಿಸಿದರೆ ಪ್ರಿವೆಂಟರ್ ಬೇಕೇ? ಕಾಯಿಲ್ ಎರಡು ಫೇಸ್ ಮೇಲೆ ನಿಂತಿರುವುದರಿಂದ ಫೇಸ್ ಹೋದರೆ ಅದೇ ಬಿಡುತ್ತದೆಯಲ್ಲ?

ನಿವೃತ್ತ ಲೈನ್‌ಮನ್:
ಆ ಎರಡರಲ್ಲಿ ಒಂದು ಹೋದರೆ ಬಿಡುತ್ತದೆ. ಮೂರನೆಯದು ಹೋದರೆ ಕಾಯಿಲ್‌ಗೆ ಗೊತ್ತೇ ಆಗುವುದಿಲ್ಲ, ಮೋಟಾರ್ ಉಳಿದ ಎರಡು ಫೇಸ್‌ಗಳಲ್ಲಿ ಹೆಚ್ಚು ಕರೆಂಟ್ ಎಳೆಯುತ್ತಾ ಓಡುತ್ತಿರುತ್ತದೆ. ಓವರ್‌ಲೋಡನ್ನು ಮೋಟಾರಿನ ಫಲಕದಲ್ಲಿ ಬರೆದ ಆಂಪಿಯರಿಗೆ ಸರಿಯಾಗಿ ಇಟ್ಟಿದ್ದರೆ ಅದು ಉಳಿಸೀತು. ಆದರೆ ನಾನು ಕಂಡ ಹೊಲಗಳಲ್ಲಿ ಅದರ ತಿರುಪನ್ನು ಕೊನೆಯವರೆಗೆ ತಿರುಗಿಸಿಟ್ಟಿರುವುದೇ ಹೆಚ್ಚು. ಪ್ರಿವೆಂಟರ್ ಹಾಕಿಸಿ.

ಸೋಲಾರ್ ಕೆಲಸದವ:
ಒಂದು ಸಂದೇಹ. ಸೋಲಾರ್ ಪ್ಯಾನೆಲ್‌ನಿಂದ ಬರುವ 300 ವೋಲ್ಟ್ ಡಿಸಿಯನ್ನು ಕಡಿಯಲು ಇದೇ ಎಸಿ ಕಾಂಟ್ಯಾಕ್ಟರ್ ಬಳಸಬಹುದೇ? ನಮ್ಮ ಗ್ರಾಹಕರೊಬ್ಬರು ಹಳೆಯದು ಮನೆಯಲ್ಲಿ ಬಿದ್ದಿದೆ, ಅದನ್ನೇ ಹಾಕಿ ಎಂದು ಪಟ್ಟು ಹಿಡಿದಿದ್ದಾರೆ.

ಎಕ್ಸ್‌ಚೇಂಜಿನ ಹಳಬ:
ಹಾಗೆಯೇ ಬಳಸಬಾರದು. ಕಾಂಟ್ಯಾಕ್ಟ್ ತೆರೆಯುವಾಗ ಏಳುವ ಕಿಡಿ ಎಸಿಯಲ್ಲಿ ಕರೆಂಟ್ ಸೊನ್ನೆ ಮುಟ್ಟಿದಾಗ ತಾನಾಗಿ ನಂದುತ್ತದೆ. ಡಿಸಿಯಲ್ಲಿ ಸೊನ್ನೆಯೇ ಬರುವುದಿಲ್ಲವಾದ್ದರಿಂದ ಕಿಡಿ ಎಳೆದುಕೊಂಡು ಉರಿಯುತ್ತಲೇ ಇರುತ್ತದೆ, ಕಾಂಟ್ಯಾಕ್ಟ್ ಕರಗಿ ಬೆಸೆದುಕೊಳ್ಳಬಹುದು, ಪೆಟ್ಟಿಗೆಗೆ ಬೆಂಕಿಯೂ ತಗುಲಬಹುದು. ಮೂರನೇ ಸೆಮಿಸ್ಟರಿನ ಹುಡುಗರ ಕೈಯಲ್ಲಿರುವ ನೀಲಿ ರಿಲೇಯ ಮೇಲೆಯೇ ಓದಿ: 10 ಆಂಪಿಯರ್, ಎಸಿಯಾದರೆ 250 ವೋಲ್ಟ್, ಡಿಸಿಯಾದರೆ 30 ವೋಲ್ಟ್ ಎಂದಿರುತ್ತದೆ.

ಸೋಲಾರ್ ಕೆಲಸದವ:
ಕಾಂಟ್ಯಾಕ್ಟರಿನ ಮೂರು ಪೋಲ್‌ಗಳನ್ನು, ಅಂದರೆ ಮೂರು ಜೊತೆ ಕಾಂಟ್ಯಾಕ್ಟ್‌ಗಳನ್ನು, ಸರಣಿಯಲ್ಲಿ ಜೋಡಿಸಿದರೆ?

ಎಕ್ಸ್‌ಚೇಂಜಿನ ಹಳಬ:
ಕಿಡಿ ಮೂರು ಕಡೆ ಹಂಚಿಹೋಗುವುದರಿಂದ ತಡೆಯುವ ಶಕ್ತಿ ಹೆಚ್ಚುತ್ತದೆ. ತಯಾರಕರ ಕ್ಯಾಟಲಾಗಿನಲ್ಲಿ ಡಿಸಿಗೆ ಎಷ್ಟು ಪೋಲ್ ಸರಣಿಯಲ್ಲಿದ್ದರೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂಬ ಕೋಷ್ಟಕವಿದ್ದರೆ, ಅದರಲ್ಲಿ ನಿಮ್ಮ 300 ವೋಲ್ಟ್ ಸಿಕ್ಕರೆ ಹಾಕಿ. ಸಿಗದಿದ್ದರೆ ಗ್ರಾಹಕರು ಎಷ್ಟೇ ಪಟ್ಟು ಹಿಡಿದರೂ ಡಿಸಿಗೆಂದೇ ಮಾಡಿದ ಐಸೊಲೇಟರ್ ಕೊಳ್ಳಲು ಹೇಳಿ.